ಅರೆಕಾಲು ಅಂಗುಲ: .44 ಮ್ಯಾಗ್ನಮ್ ರಿವಾಲ್ವರಿನ ಹಿಂದಿನ ಒತ್ತಡದ ಚರಿತ್ರೆ

.44 ಸ್ಪೆಷಲ್ ತೋಟಾದ ಹಿತ್ತಾಳೆ ಕೇಸು 1.16 ಅಂಗುಲ ಉದ್ದ. 1956ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ .44 ಮ್ಯಾಗ್ನಮ್ ತೋಟಾದ ಕೇಸು 1.285 ಅಂಗುಲ. ಎರಡಕ್ಕೂ ಗುಂಡಿನ ವ್ಯಾಸ ಒಂದೇ, 10.9 ಮಿಲಿಮೀಟರ್. ಉದ್ದದಲ್ಲಿ ಮಾತ್ರ ಅರೆಕಾಲು ಅಂಗುಲದ ಅಂತರ. ಮದ್ದಿಗೆ ಜಾಗ ಸಾಲದೆ ಕೇಸನ್ನು ಉದ್ದ ಮಾಡಿದರೆಂದು ಯಾರಿಗಾದರೂ ತೋರಬಹುದು. ಆದರೆ ಹೊಸ ತೋಟಾದ ಶಕ್ತಿಯ ಬಹುಪಾಲನ್ನು ಹಳೆಯ ಗಿಡ್ಡ ಕೇಸಿನಿಂದಲೇ ತೆಗೆದವರು ಅದಕ್ಕೆ ಕಾಲು ಶತಮಾನ ಮೊದಲೇ ಇದ್ದರು. ಹೆಚ್ಚಿಸಿದ ಉದ್ದದ ಮುಖ್ಯ ಕೆಲಸ ತಡೆಯುವುದು: ಹೊಸ ತೋಟಾ ಹಳೆಯ .44 ಸ್ಪೆಷಲ್ ರಿವಾಲ್ವರಿನ ಗೂಡಿನಲ್ಲಿ ಪೂರ್ತಿ ಕೂರಬಾರದು, ಸಿಲಿಂಡರ್ ಮುಚ್ಚಬಾರದು.

ದೊಡ್ಡ ನಳಿಗೆಯ ರಿವಾಲ್ವರುಗಳ ಕಥೆಯನ್ನು ಬರೆದವರು ಸಾಮಾನ್ಯವಾಗಿ ವೇಗ ಮತ್ತು ಶಕ್ತಿಯ ಏರಿಕೆಯ ಕಥೆಯಾಗಿ ಬರೆದಿದ್ದಾರೆ. ಆದರೆ ಶಕ್ತಿ ಮನೆಯ ಮೇಜಿನ ಮೇಲೆ ತೋಟಾ ತುಂಬುವವರ ಕೈಗೆ ಬೇಗನೆ ಸಿಕ್ಕಿತ್ತು. ಅವರಿಗೆ ಸಿಗದೆ ಉಳಿದದ್ದು ಅಳೆದ ಮಿತಿ. ಕಾರ್ಖಾನೆ ಈ ಚರಿತ್ರೆಗೆ ಕೊಟ್ಟ ನಿಜವಾದ ಕೊಡುಗೆ ಆ ಮಿತಿ ಮತ್ತು ಅದನ್ನು ಲೋಹದಲ್ಲೇ ಕಾಯುವ ವ್ಯವಸ್ಥೆ ಎಂಬುದು ಈ ಲೇಖನದ ವಾದ.

ಮೊದಲು ಆಕರಗಳ ಬಗ್ಗೆ ಒಂದು ಮಾತು. ಈ ಕಥೆಯ ನಾಯಕ ಎಲ್ಮರ್ ಕೀತ್ (1899–1984). ಐಡಹೊ ರಾಜ್ಯದ ಸ್ಯಾಮನ್ ಪಟ್ಟಣದಲ್ಲಿ ನೆಲೆಸಿದ್ದ ಈತ ದನಗಾಹಿ, ಬೇಟೆಯ ಮಾರ್ಗದರ್ಶಿ, ಬಂದೂಕು ಪತ್ರಿಕೆಗಳ ಖಾಯಂ ಬರಹಗಾರ. ಕಥೆಯ ಬಹುಪಾಲು ನಮಗೆ ದೊರೆಯುವುದು ಅವನದೇ ಬರಹಗಳಿಂದ. ಅವುಗಳಲ್ಲಿ 1936ರ ಪುಟ್ಟ ಕೈಪಿಡಿ, 1955ರ ದೊಡ್ಡ ಗ್ರಂಥ, ಮುಪ್ಪಿನಲ್ಲಿ ಬಂದ 1979ರ ಆತ್ಮಕಥೆ ಸೇರಿವೆ. ಮೂರನ್ನೂ ಒಂದೇ ತೂಕದಲ್ಲಿ ಇಟ್ಟು ನೋಡುವುದು ಸರಿಯಲ್ಲ. ಆರುನೂರು ಗಜ ದೂರದ ಜಿಂಕೆಗೆ ರಿವಾಲ್ವರಿನಿಂದ ಹೊಡೆದೆನೆಂಬ ಅವನ ಹೇಳಿಕೆಯ ಮೇಲೆ ಬಂದೂಕುಪ್ರಿಯರು ಇಂದಿಗೂ ಜಗಳವಾಡುತ್ತಾರೆ. ಅದನ್ನು ಅವರಿಗೇ ಬಿಡೋಣ. ಘಟನೆ ನಡೆದ ಕಾಲದಲ್ಲೇ ಪತ್ರಿಕೆಗೆ ಬರೆದ ಮಾತು, ಅದರಲ್ಲೂ ಬರೆದವನ ಹೆಮ್ಮೆಗೆ ಪೆಟ್ಟು ಕೊಡುವ ಮಾತು, ನಮಗೆ ಹೆಚ್ಚು ಬೆಲೆಯುಳ್ಳದ್ದು.

ಅಂಥದ್ದೊಂದು 1925ರದು. ಆ ವರ್ಷ ಕೀತ್‌ನ ಕೈಯಲ್ಲಿದ್ದ .45 ಕೋಲ್ಟ್ ರಿವಾಲ್ವರಿನ ಸಿಲಿಂಡರ್ ಸಿಡಿಯಿತು. ಅವನು ತುಂಬಿದ್ದ ಗುಂಡು ರೈಫಲ್ಲಿಗೆಂದು ಮಾಡಿದ 300 ಗ್ರೇನ್ ತೂಕದ್ದು, ಆ ರಿವಾಲ್ವರಿನ ವಾಡಿಕೆಯ ಗುಂಡಿಗಿಂತ ಸಾಕಷ್ಟು ಭಾರ. ಸಿಡಿದ ವೃತ್ತಾಂತವನ್ನು ಅದೇ ವರ್ಷ ‘ಅಮೆರಿಕನ್ ರೈಫಲ್‌ಮನ್’ ಪತ್ರಿಕೆಗೆ ಬರೆದು ಕಳಿಸಿದ. ಅದರ ನಂತರ ಅವನು ಮಾಡಿದ ಆಯ್ಕೆ ಈ ಚರಿತ್ರೆಯ ದಿಕ್ಕು ತಿರುಗಿಸಿತು. ಗುಂಡು ಹಗುರ ಮಾಡುವ ಬದಲು ಅವನು .45 ಬಿಟ್ಟು .44 ಸ್ಪೆಷಲ್ ಹಿಡಿದ. ಕಾರಣ ಸರಳ ರೇಖಾಗಣಿತ. .45 ಕೋಲ್ಟ್ ಕೇಸಿನ ವ್ಯಾಸ 0.480 ಅಂಗುಲ, .44 ಸ್ಪೆಷಲ್‌ನದು 0.457. ಹೊರಗಿನ ಅಳತೆ ಬದಲಾಗದ ಸಿಲಿಂಡರಿನಲ್ಲಿ ಕಿರಿದಾದ ಗೂಡು ಕೊರೆದರೆ ಹೊರಗೋಡೆ ಸುಮಾರು 0.3 ಮಿಲಿಮೀಟರ್ ದಪ್ಪವಾಗುತ್ತದೆ. ಅವನ ಮುಂದಿನ ಮೂವತ್ತು ವರ್ಷಗಳ ಪ್ರಯೋಗವೆಲ್ಲ ಈ ಮೂರು ಕೂದಲೆಳೆಯ ಉಕ್ಕಿನ ಮೇಲೆ ನಿಂತಿತ್ತು.

ಇಂಥ ಲೆಕ್ಕ ಬೇಕಾದದ್ದಾದರೂ ಏಕೆಂದು ತಿಳಿಯಲು ಮದ್ದಿನ ಸ್ವಭಾವಕ್ಕೆ ಬರಬೇಕು. ಕರಿಮದ್ದಿನ ಕಾಲದಲ್ಲಿ ಕೇಸಿನ ಒಳಜಾಗವೇ ಮಿತಿ. 1873ರ .45 ಕೋಲ್ಟ್ ಕೇಸಿಗೆ ಮೊದಲು ತುಂಬುತ್ತಿದ್ದದ್ದು 40 ಗ್ರೇನ್ ಕರಿಮದ್ದು, ಅಷ್ಟಕ್ಕೆ ಕೇಸು ತುಂಬಿಹೋಗುತ್ತಿತ್ತು. ಹಾಗೆಂದು ಕರಿಮದ್ದು ನಿರುಪದ್ರವಿಯಲ್ಲ. ಪ್ರತಿ ಗೂಡಿಗೆ 60 ಗ್ರೇನ್ ಹಿಡಿಯುತ್ತಿದ್ದ 1847ರ ವಾಕರ್ ಕೋಲ್ಟ್ ರಿವಾಲ್ವರುಗಳು ಮೆಕ್ಸಿಕೊ ಯುದ್ಧದ ಸವಾರರ ಕೈಯಲ್ಲಿ ಹಲವು ಸಿಡಿದವು. ಅವುಗಳ ಕಬ್ಬಿಣ ಅಷ್ಟು ಗಟ್ಟಿಯಿರಲಿಲ್ಲ. ಕೊಡಗು, ಮಲೆನಾಡುಗಳ ಕೇಪಿನ ಕೋವಿ ಬಲ್ಲವರಿಗೆ ಈ ಸ್ಥಿತಿ ಪರಿಚಿತ. ಬಾಯಿಂದ ಮದ್ದು ಸುರಿದು ಕಂಬಿಯಿಂದ ಗಿಡಿಯುವವನೇ ಆ ಈಡಿನ ಬಲಕ್ಕೆ ಹೊಣೆ. (ತೋಟಾದ ವಿಷಯ ಬೇರೆ. 1959ರ ಭಾರತೀಯ ಶಸ್ತ್ರಾಸ್ತ್ರ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಮುಂದೆ ಹೇಳುವುದೆಲ್ಲ ಅಮೆರಿಕದ ಕಾನೂನಿನ ನೆರಳಿನಲ್ಲಿ ನಡೆದದ್ದು.) ಹೊಗೆಯಿಲ್ಲದ ಮದ್ದು ಬಂದಾಗ ಜಾಗಕ್ಕೂ ಬಲಕ್ಕೂ ಇದ್ದ ಗಂಟು ಬಿಚ್ಚಿತು. ಬೇಗ ಉರಿಯುವ ಮದ್ದಾದರೆ ಹತ್ತು ಗ್ರೇನಿಗೂ ಕಡಿಮೆ ಸಾಕು, ಕೇಸಿನ ಬಹುಪಾಲು ಖಾಲಿ. ಅಂದರೆ ಅದೇ ಕೇಸಿನಲ್ಲಿ ರಿವಾಲ್ವರನ್ನು ಒಡೆಯುವಷ್ಟು ಮದ್ದು ಸಲೀಸಾಗಿ ಹಿಡಿಯುತ್ತದೆ. ಮರೆತು ಎರಡು ಸಲ ಸುರಿದರೂ ಮೇಲಿನಿಂದ ಇಣುಕದವನಿಗೆ ಗೊತ್ತಾಗುವುದಿಲ್ಲ. ಮಿತಿ ಇನ್ನು ಕೇಸಿನಲ್ಲಿ ಇಲ್ಲವೆಂದ ಮೇಲೆ ಅದನ್ನು ಬೇರೆಲ್ಲಾದರೂ ಹುಡುಕಬೇಕು.

ಕೀತ್‌ಗೆ ನೆರವಾದವು ಎರಡು. ಒಂದು ಅವನೇ ರೂಪಿಸಿದ ಸೀಸದ ಗುಂಡು, ಐಡಿಯಲ್ ಕಂಪನಿಯ 429421 ಸಂಖ್ಯೆಯ ಅಚ್ಚು. ಚಪ್ಪಟೆ ಮೂತಿ, ಅಗಲದ ಮೂರು ಪಟ್ಟಿ, ಮೇಣಕ್ಕೊಂದು ಚೌಕ ತೋಡು, ಕೇಸಿನ ಬಾಯಿ ಮಡಿಸಿ ಬಿಗಿಯಲು ಇನ್ನೊಂದು ತೋಡು. ಗುಂಡಿನ ಹೆಚ್ಚಿನ ಭಾಗ ಕೇಸಿನ ಹೊರಗೇ ಉಳಿದು ಒಳಗೆ ಮದ್ದಿಗೆ ಜಾಗ ಬಿಡುತ್ತಿತ್ತು. ಬಾಯಿ ಬಿಗಿಯುವ ತೋಡು ಬರಿಯ ಅಲಂಕಾರವಲ್ಲ. ದೊಡ್ಡ ರಿವಾಲ್ವರ್ ಒದೆಯುವಾಗ ಉಳಿದ ಗೂಡುಗಳಲ್ಲಿರುವ ಕೇಸುಗಳು ರಿವಾಲ್ವರಿನೊಡನೆ ಥಟ್ಟನೆ ಹಿಂದೆ ಹೋಗುತ್ತವೆ, ಅವುಗಳ ಗುಂಡುಗಳು ಮಾತ್ರ ಇದ್ದಲ್ಲೇ ನಿಲ್ಲಲು ನೋಡುತ್ತವೆ. ಬಿಗಿ ಸಾಲದಿದ್ದರೆ ನಾಲ್ಕೈದು ಈಡಿನ ಹೊತ್ತಿಗೆ ಗುಂಡೊಂದು ಕೇಸಿನಿಂದ ಮುಂದೆ ಸರಿದು ಸಿಲಿಂಡರಿನ ಮುಂಬದಿಗೆ ಚಾಚಿ, ತಿರುಗುವುದನ್ನೇ ನಿಲ್ಲಿಸುತ್ತದೆ. ಒದೆತ ಕಡಿಮೆಯಿರುವ ರಿವಾಲ್ವರುಗಳಲ್ಲಿ ವಿರಳವಾದ ಈ ತೊಂದರೆ ಬಲವಾಗಿ ಒದೆಯುವವುಗಳಲ್ಲಿ ಸಾಮಾನ್ಯ.

ಎರಡನೆಯದು ಹರ್ಕ್ಯುಲಿಸ್ ಕಂಪನಿ 1930ರ ದಶಕದ ಆರಂಭದಲ್ಲಿ ಹೊರತಂದ 2400 ಎಂಬ ನಿಧಾನ ಉರಿಯುವ ಮದ್ದು. ಬೇಗ ಉರಿಯುವ ಮದ್ದಿನ ಒತ್ತಡ ಒಮ್ಮೆಲೇ ಶಿಖರ ಮುಟ್ಟಿ ಕುಸಿಯುತ್ತದೆ. ಉಕ್ಕಿಗೆ ಭಯ ಶಿಖರದ್ದು. ಗುಂಡಿಗೆ ಲಾಭ ಅದು ನಳಿಗೆಯಲ್ಲಿ ಸಾಗುವಷ್ಟೂ ದೂರ ಬೆನ್ನಿಗಿರುವ ಒತ್ತಡದ್ದು. ನಿಧಾನ ಮದ್ದು ಶಿಖರವನ್ನು ತಗ್ಗಿಸಿ ಇಳಿಜಾರನ್ನು ಉದ್ದ ಮಾಡುತ್ತದೆ. ಕೇಸನ್ನು ಬಹುಮಟ್ಟಿಗೆ ತುಂಬುವುದರಿಂದ ಎರಡು ಸಲ ಸುರಿದರೆ ಹೊರಗೆ ಚೆಲ್ಲಿ ಹಿಡಿದುಕೊಡುತ್ತದೆ ಎಂಬುದು ಬೇಡಿ ಪಡೆಯದ ಉಪಕಾರ.

ಫಲಿತಾಂಶ ಅಂಕಿಗಳಲ್ಲಿ ಹೀಗಿದೆ. ಕಾರ್ಖಾನೆಯ .44 ಸ್ಪೆಷಲ್ 246 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 755 ಅಡಿ ವೇಗದಲ್ಲಿ ತಳ್ಳುತ್ತಿತ್ತು. ಶಕ್ತಿ ಸುಮಾರು 420 ಜೂಲ್. ಕೀತ್ ಅದೇ ಕೇಸಿನಿಂದ 250 ಗ್ರೇನ್ ಗುಂಡಿಗೆ 1,200 ಅಡಿಯ ಆಸುಪಾಸಿನ ವೇಗ ತೆಗೆದ. ಶಕ್ತಿ 1,080 ಜೂಲ್ ದಾಟಿತು.

ಅದು ಸುರಕ್ಷಿತವೆಂದು ಅವನಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ಅವನ ಅಭಿಮಾನಿಗಳು ಹೆಚ್ಚು ಕೆದಕಿಲ್ಲ. ಮನೆಯಲ್ಲಿ ತುಂಬುವವನಿಗೆ ಒತ್ತಡ ಅಳೆಯುವ ಸಾಧನವಿರಲಿಲ್ಲ. ಹಾರಿಸಿದ ಮೇಲೆ ಕೇಸು ಗೂಡಿಗೆ ಅಂಟಿಕೊಂಡಿತೇ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಚಪ್ಪಟೆಯಾಯಿತೇ, ಹಿತ್ತಾಳೆಯ ಬುಡ ಉಬ್ಬಿತೇ ಎಂದು ನೋಡುವುದಷ್ಟೇ ದಾರಿ. ರೈಫಲ್ಲಿನಲ್ಲಿ ಈ ಲಕ್ಷಣಗಳಿಗೆ ಒಂದಿಷ್ಟು ಅರ್ಥವಿದೆ. ಏಕೆಂದರೆ ಅಲ್ಲಿ ಉಕ್ಕು ಹಿತ್ತಾಳೆಗಿಂತ ಬಹಳ ಮುಂದಿರುತ್ತದೆ, ಹಿತ್ತಾಳೆ ಮೊದಲು ದೂರು ಹೇಳುತ್ತದೆ. ಹಳೆಯ ರಿವಾಲ್ವರಿನಲ್ಲಿ ಈ ಸರದಿಯೇ ತಲೆಕೆಳಗು. ಇಂದು ಅಮೆರಿಕದ ತೋಟಾ ತಯಾರಕರ ಒಕ್ಕೂಟದ ಮಾನಕದಲ್ಲಿ .45 ಕೋಲ್ಟ್‌ನ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 14,000 ಪೌಂಡ್, .44 ಸ್ಪೆಷಲ್‌ನದು 15,500. ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಈ ಗೆರೆ ಎಂದೋ ದಾಟಿಯಾಗಿರುತ್ತದೆ. ಕೀತ್‌ನ .44 ತೋಟಾಗಳು ಅವನ ಕೈಯಲ್ಲಿ ಒಳ್ಳೆಯ ರಿವಾಲ್ವರುಗಳನ್ನು ಒಡೆಯಲಿಲ್ಲ ಎಂಬುದು ನಿಜ. ಆದರೆ ಅದರಿಂದ ತಿಳಿಯುವುದು ಆ ರಿವಾಲ್ವರುಗಳ ಉಕ್ಕು ತಡೆಯಿತು ಎಂದಷ್ಟೇ. ಎಷ್ಟು ಮಿಗಿಸಿಕೊಂಡು ತಡೆಯಿತು ಎಂಬುದು ತಿಳಿಯುವುದಿಲ್ಲ.

ಕಾರ್ಖಾನೆಯ ಬಳಿ ಉತ್ತರವಿತ್ತು. ಪರೀಕ್ಷಾ ನಳಿಗೆಯ ಗೋಡೆಯಲ್ಲಿ ಒಂದು ತೂತು, ಅದರಲ್ಲೊಂದು ಪಿಸ್ಟನ್, ಮೇಲೆ ಅಳತೆ ಗೊತ್ತಿರುವ ತಾಮ್ರದ ಚಿಕ್ಕ ಉರುಳೆ. ಮದ್ದು ಉರಿದಾಗ ಉರುಳೆ ಎಷ್ಟು ಜಜ್ಜಿತೆಂದು ಅಳೆದು ಒತ್ತಡ ಲೆಕ್ಕ ಹಾಕುತ್ತಿದ್ದರು. ಮುಂದೆ ವಿದ್ಯುತ್ ಸಂವೇದಕಗಳು ಆ ಜಾಗಕ್ಕೆ ಬಂದವು. ಕಾರ್ಖಾನೆಯವರು ಮಿತಿಯನ್ನು ಕೆಳಗೇ ಇಟ್ಟದ್ದಕ್ಕೆ ಕೀತ್ ಮತ್ತು ಅವನ ಬಳಗ ಅವರನ್ನು ಹೇಡಿಗಳೆಂಬಂತೆ ಕಂಡಿತು. ಈ ತೀರ್ಪು ಅನ್ಯಾಯದ್ದು. ಕೀತ್‌ಗೆ ತನ್ನ ಕೈಯ ರಿವಾಲ್ವರ್ ಯಾವುದೆಂದು ಗೊತ್ತಿತ್ತು. ತೋಟಾದ ಪೆಟ್ಟಿಗೆ ಮಾರುವವನಿಗೆ ಅದು ಯಾರ ಮನೆಯ, ಯಾವ ಕಾಲದ ಉಕ್ಕಿನೊಳಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಬಳಕೆಯಲ್ಲಿ ಉಳಿದಿರುವ ಅತಿ ದುರ್ಬಲ ರಿವಾಲ್ವರನ್ನು ಎದುರಿಗಿಟ್ಟುಕೊಂಡೇ ಅವನು ಲೆಕ್ಕ ಹಾಕಬೇಕು.

ಈ ಇಕ್ಕಟ್ಟಿನಿಂದ ಹೊರಬರುವ ದಾರಿಯ ಮಾದರಿ ಮೊದಲೇ ಸಿದ್ಧವಿತ್ತು. ಸ್ಮಿತ್ ಅಂಡ್ ವೆಸನ್ ಕಂಪನಿಯ ಡಗ್ಲಸ್ ವೆಸನ್, ತೋಟಾ ತುಂಬುವ ವಿದ್ಯೆಯ ಬರಹಗಾರ ಫಿಲಿಪ್ ಶಾರ್ಪ್ ಮತ್ತು ವಿಂಚೆಸ್ಟರ್ ಕಂಪನಿ ಸೇರಿ 1935ರಲ್ಲಿ .357 ಮ್ಯಾಗ್ನಮ್ ತಂದಾಗ .38 ಸ್ಪೆಷಲ್ ಕೇಸನ್ನು ಹೀಗೇ ಉದ್ದ ಮಾಡಿದ್ದರು. ಇಪ್ಪತ್ತು ವರ್ಷದ ಮೇಲೆ ರೆಮಿಂಗ್ಟನ್ ಮತ್ತು ಸ್ಮಿತ್ ಅಂಡ್ ವೆಸನ್ ಅದನ್ನೇ .44ಕ್ಕೆ ಅನ್ವಯಿಸಿದವು. ಮೊದಲ ರಿವಾಲ್ವರ್ 1955ರ ಡಿಸೆಂಬರ್ ಕೊನೆಯಲ್ಲಿ ಸಿದ್ಧವಾಯಿತು. 1956ರ ಆರಂಭದಲ್ಲಿ ಒಂದು ಕೀತ್‌ನ ಮನೆ ಸೇರಿತು. ಅದೇ ವರ್ಷ ರೂಗರ್ ಕಂಪನಿಯದೂ ಬಂತು. ಹೊಸ ತೋಟಾದ ಗರಿಷ್ಠ ಒತ್ತಡ ಇಂದಿನ ಮಾನಕದಲ್ಲಿ 36,000 ಪೌಂಡ್, ಸ್ಪೆಷಲ್‌ನ ಎರಡು ಪಟ್ಟಿಗೂ ಮಿಗಿಲು.

ಕೀತ್ ಕೇಳಿದ್ದು ತನ್ನ ಹಳೆಯ 1,200 ಅಡಿ. ರೆಮಿಂಗ್ಟನ್ ಕೊಟ್ಟದ್ದು 240 ಗ್ರೇನ್ ಗುಂಡಿಗೆ 1,470 ಅಡಿ, 1,560 ಜೂಲ್. ಗುಂಡಿನ ಆವೇಗ ಹಳೆಯ ಕಾರ್ಖಾನೆ ತೋಟಾದ 1.9 ಪಟ್ಟು. ರಿವಾಲ್ವರಿನ ತೂಕ ಅಷ್ಟೇ ಎಂದಿಟ್ಟುಕೊಂಡರೆ ಒದೆತದ ಶಕ್ತಿ ಆವೇಗದ ವರ್ಗದಂತೆ ಏರಿ ಮೂರೂವರೆ ಪಟ್ಟು ದಾಟುತ್ತದೆ. ಉರಿದ ಅನಿಲದ ಪಾಲು ಅದಕ್ಕೂ ಮೇಲೆ. ಸುಮಾರು 1.3 ಕಿಲೊ ತೂಕದ ರಿವಾಲ್ವರ್ ಹಿಡಿದವನ ಮಣಿಕಟ್ಟು ಇದನ್ನು ಹೊರಬೇಕು. 1971ರ ‘ಡರ್ಟಿ ಹ್ಯಾರಿ’ ಸಿನಿಮಾ ನೋಡಿ ಅಂಗಡಿಗೆ ಓಡಿದವರಲ್ಲಿ ಎಷ್ಟು ಮಂದಿ ಮೊದಲ ಪೆಟ್ಟಿಗೆ ಮುಗಿಸಿದರೋ! ಅಭ್ಯಾಸವಾಗಿ ಹಾರಿಸುವವರು ಮತ್ತೆ ಮನೆಯ ಮೇಜಿಗೆ ಮರಳಿ, ಮ್ಯಾಗ್ನಮ್ ಕೇಸಿನಲ್ಲಿ ಕೀತ್‌ನ ಹಳೆಯ ವೇಗವನ್ನೋ ಅದಕ್ಕಿಂತ ಕಡಿಮೆಯದನ್ನೋ ತುಂಬತೊಡಗಿದರು. ಬಲ ಏರಿಸಲೆಂದು ಹುಟ್ಟಿದ ಹವ್ಯಾಸ ಈಗ ಬಹುಪಾಲು ಬಲ ಇಳಿಸಲು ಬಳಕೆಯಾಗುತ್ತಿದೆ. ಇಳಿಸುವುದಕ್ಕೂ ಕಟ್ಟಳೆಯುಂಟು. ಎಚ್110ನಂಥ ಅತಿ ನಿಧಾನ ಮದ್ದನ್ನು ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆ ಮಾಡಿದರೆ ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಮುಂದಿನ ಈಡು ಅದರ ಬೆನ್ನಿಗೆ ಬಿದ್ದರೆ ನಳಿಗೆ ಉಳಿಯುವುದಿಲ್ಲ.

ಬಲ ಏರಿಸುವ ಕೀತ್‌ನ ಹಾದಿಯನ್ನೇ ಯೂಟಾದ ಬಂದೂಕು ಕಸುಬಿ ಡಿಕ್ ಕಸುಲ್ 1950ರ ದಶಕದಲ್ಲಿ .45ರಲ್ಲಿ ಹಿಡಿದ. ಆರಂಭದಲ್ಲಿ ಒಂದೇ ಕೇಸಿನಲ್ಲಿ ಮೂರು ಬಗೆಯ ಮದ್ದನ್ನು ಪದರ ಪದರವಾಗಿ ತುಂಬುವಷ್ಟು ಧೈರ್ಯ ಅವನದು. ಅವನ ದೊಡ್ಡ ಸಾಧನೆ ನನ್ನ ಎಣಿಕೆಯಲ್ಲಿ ಸಿಲಿಂಡರಿನದೇ. ಆರು ಗೂಡುಗಳ ಕೋಲ್ಟ್ ಮಾದರಿಯಲ್ಲಿ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಗುಳಿ ಪ್ರತಿ ಗೂಡಿನ ನಡುನೆತ್ತಿಗೆ, ಗೋಡೆ ಅತಿ ತೆಳುವಾದಲ್ಲಿಗೇ ಬೀಳುತ್ತದೆ. ಐದು ಗೂಡು ಮಾಡಿದರೆ ಗೋಡೆ ದಪ್ಪವಾಗುವುದಲ್ಲದೆ ಗುಳಿ ಎರಡು ಗೂಡುಗಳ ನಡುವಿನ ಗಟ್ಟಿ ಉಕ್ಕಿಗೆ ಸರಿಯುತ್ತದೆ. .454 ಕಸುಲ್ ಕೇಸು .45 ಕೋಲ್ಟ್‌ಗಿಂತ ಅಂಗುಲದ ಹತ್ತನೇ ಒಂದರಷ್ಟು ಉದ್ದ, ಒತ್ತಡದ ಮಿತಿ 65,000 ಪೌಂಡ್. ವಯೋಮಿಂಗ್‌ನ ಫ್ರೀಡಂ ಆರ್ಮ್ಸ್ ಕಂಪನಿ 1983ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಜಾನ್ ಲೈನ್‌ಬಾ ರೈಫಲ್ ಕೇಸುಗಳನ್ನು ಕತ್ತರಿಸಿ ಮಾಡಿದ .475, .500 ತೋಟಾಗಳು, 2003ರ .500 ಸ್ಮಿತ್ ಅಂಡ್ ವೆಸನ್ ಇದೇ ಸಾಲಿನವು.

ನನ್ನ ವಾದಕ್ಕೆ ಬಲವಾದ ಸಾಕ್ಷಿ ಉದ್ದದ ಕಾವಲಿಲ್ಲದ ಕಡೆಯೇ ಸಿಗುತ್ತದೆ. ರೂಗರ್ ಕಂಪನಿ 1970ರ ದಶಕದಲ್ಲಿ ತನ್ನ ಗಟ್ಟಿ ಬ್ಲ್ಯಾಕ್‌ಹಾಕ್ ರಿವಾಲ್ವರನ್ನು .45 ಕೋಲ್ಟ್‌ಗೂ ಕೊಟ್ಟಿತು. ಅದು 14,000 ಪೌಂಡಿಗಿಂತ ಬಹಳ ಹೆಚ್ಚು ತಡೆಯುತ್ತದೆ. ತೋಟಾ ತುಂಬುವ ಕೈಪಿಡಿಗಳು .45 ಕೋಲ್ಟ್‌ಗೆ ಎರಡು ಪಟ್ಟಿ ಮುದ್ರಿಸತೊಡಗಿದವು. ಒಂದು ಎಲ್ಲ ರಿವಾಲ್ವರುಗಳಿಗೆ, ಇನ್ನೊಂದು ರೂಗರ್‌ನಂಥವಕ್ಕೆ ಮಾತ್ರ. ಹೀಗಾಗಿ ಕೇಸು ಅದೇ, ಬುಡದ ಮುದ್ರೆ ಅದೇ, ಒಳಗಿನ ಬಲ ಮಾತ್ರ ಬೇರೆ. ಎರಡನ್ನೂ ಬೇರ್ಪಡಿಸುವುದು ಪುಟದ ಮೇಲಿನ ಎಚ್ಚರಿಕೆ ಮತ್ತು ಡಬ್ಬಿಯ ಮೇಲೆ ತುಂಬಿದವನು ಬರೆದಂಟಿಸಿದ ಚೀಟಿ. ಒಡೆಯ ಸತ್ತು ಡಬ್ಬಿ ಮಕ್ಕಳ ಕೈಗೋ ಗುಜರಿಗೋ ಹೋದರೆ ಆ ಚೀಟಿಯನ್ನು ನಂಬುವುದು ಹೇಗೆ? ಬೇರೆಯವರು ತುಂಬಿದ ತೋಟಾವನ್ನು ತಮ್ಮ ರಿವಾಲ್ವರಿನಲ್ಲಿ ಹಾರಿಸುವುದಿಲ್ಲ ಎಂಬುದು ಅಮೆರಿಕದ ತೋಟಾ ತುಂಬುವವರ ನಡುವೆ ಗಟ್ಟಿಯಾದ ರೂಢಿಯಾಗಿ ಉಳಿದುಬಂದಿದೆ.