ಉಯಿಲಿನಲ್ಲಿದ್ದ ಒಂದು ಪದ

ಶಿಕಾಗೋ ಅಂದ್ರೆ ನಮಗೆ ಮೊದಲು ನೆನಪಾಗೋದು 1893, ವಿವೇಕಾನಂದರ ಭಾಷಣ. ಆ ಸರ್ವಧರ್ಮ ಸಮ್ಮೇಳನ ನಡೆದ ಕಟ್ಟಡ ಅದೇ ವರ್ಷದ ಕೊನೆಗೆ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯದ ಪಾಲಾಯ್ತು. ಹನ್ನೆರಡು ವರ್ಷದ ಮೇಲೆ ಆ ಸಂಸ್ಥೆಯ ಟ್ರಸ್ಟಿಗಳ ಕೈಗೆ ಇನ್ನೊಂದು ಜವಾಬ್ದಾರಿ ಬಂತು: ಒಬ್ಬ ಮರದ ವ್ಯಾಪಾರಿಯ ಉಯಿಲು. ನಾನು ಹೇಳಹೊರಟಿರೋದು ಆ ಉಯಿಲಿನ ಕಥೆ.

ವ್ಯಾಪಾರಿಯ ಹೆಸರು ಬೆಂಜಮಿನ್ ಫರ್ಗುಸನ್. 1905ರಲ್ಲಿ ತೀರಿಕೊಂಡಾಗ ಈತ 10 ಲಕ್ಷ ಡಾಲರ್ ದತ್ತಿ ಬಿಟ್ಟುಹೋಗಿದ್ದ. ಅಸಲು ಮುಟ್ಟುವ ಹಾಗಿಲ್ಲ, ಅದರಿಂದ ಬರುವ ಆದಾಯದಲ್ಲಿ ಶಿಕಾಗೋದ ಪಾರ್ಕು, ರಸ್ತೆ, ಸಾರ್ವಜನಿಕ ಜಾಗಗಳಲ್ಲಿ ಶಿಲ್ಪಗಳನ್ನೂ ಸ್ಮಾರಕಗಳನ್ನೂ ನಿಲ್ಲಿಸಬೇಕು, ಅವುಗಳನ್ನು ನೋಡಿಕೊಳ್ಳಬೇಕು. ಅವು ಕಲ್ಲಿನದೋ ಕಂಚಿನದೋ ಆಗಿ ಬಾಳಿಕೆ ಬರಬೇಕು. ಅಮೆರಿಕದ ಯೋಗ್ಯರ ಅಥವಾ ಅಲ್ಲಿನ ಚರಿತ್ರೆಯ ಮುಖ್ಯ ಘಟನೆಗಳ ನೆನಪಿಗಾಗಿ ಇರಬೇಕು. ಎಷ್ಟು ಸ್ಪಷ್ಟವಾಗಿದೆ ಅಲ್ವಾ?

ಶುರುವಿನಲ್ಲಿ ಎಲ್ಲ ಸಲೀಸಾಗೇ ನಡೀತು. ಮೊದಲ ಕೃತಿ 1913ರಲ್ಲಿ ಬಂತು, ಶಿಲ್ಪಿ ಲೊರಾಡೊ ಟಾಫ್ಟ್ ಮಾಡಿದ ಮಹಾಸರೋವರಗಳ ಕಾರಂಜಿ. ಐದು ಸರೋವರಗಳಿಗೆ ಐದು ಹೆಣ್ಣುಗಳು. ನಿಜವಾದ ಸರೋವರಗಳಲ್ಲಿ ಹರಿಯುವ ಕ್ರಮದಲ್ಲೇ ನೀರು ಒಬ್ಬಳ ಬೋಗುಣಿಯಿಂದ ಇನ್ನೊಬ್ಬಳದಕ್ಕೆ ಇಳಿಯುತ್ತದೆ. 1918ರಲ್ಲಿ 24 ಅಡಿಯ, ಚಿನ್ನದ ಲೇಪದ ‘ರಿಪಬ್ಲಿಕ್’ ಪ್ರತಿಮೆ ನಿಂತಿತು. ವಿವೇಕಾನಂದರು ಶಿಕಾಗೋಕ್ಕೆ ಹೋದ ವರ್ಷ ಅಲ್ಲಿ ನಡೆದ ಜಗತ್ಪ್ರದರ್ಶನದಲ್ಲಿ ಇದರ ಮೂಲ ಮೂರ್ತಿ ಇತ್ತು. ಅದು ಸುಟ್ಟುಹೋಗಿ, ನೆನಪಿಗೆ ಈ ಚಿಕ್ಕದು ಬಂತು. 1922ರಲ್ಲಿ ಟಾಫ್ಟ್‌ನ ‘ಕಾಲದ ಕಾರಂಜಿ’ ಬಂತು. ನೂರು ಮನುಷ್ಯರ ಮೆರವಣಿಗೆ ಕಾಲಪುರುಷನ ಮುಂದೆ ಸಾಗುವ ದೃಶ್ಯ ಅದು. ಅಮೆರಿಕ, ಬ್ರಿಟನ್ ನಡುವಿನ ನೂರು ವರ್ಷದ ಶಾಂತಿಯ ಸ್ಮಾರಕ ಅಂತ ಅದಕ್ಕೆ ಕಾರಣ ಕೊಟ್ಟರು, ಉಯಿಲಿನ ಷರತ್ತಿಗೆ ಸರಿಹೋಯ್ತು. ಆದರೆ ಅದನ್ನು ಎರಕ ಹೊಯ್ದದ್ದು ಕಾಂಕ್ರೀಟಿನಲ್ಲಿ. ಶಿಕಾಗೋದ ಚಳಿಗೆ ಅದು ಸವೆದು ಬಿರುಕುಬಿಟ್ಟು, ಮುಂದೆ ದೊಡ್ಡ ರಿಪೇರಿಯನ್ನೇ ಮಾಡಬೇಕಾಯ್ತು. ಬಾಳಿಕೆ, ನೋಡಿಕೊಳ್ಳೋದು ಅಂತ ಫರ್ಗುಸನ್ ಯಾಕೆ ಬರೆಸಿದ್ದ ಅಂತ ಇಲ್ಲಿ ಗೊತ್ತಾಗುತ್ತೆ.

ತೊಡಕು ಹುಟ್ಟಿದ್ದು ‘ಸ್ಮಾರಕ’ ಅನ್ನೋ ಪದದಲ್ಲಿ. ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಜಾಗ ಸಾಲುತ್ತಿರಲಿಲ್ಲ. 1933ರಲ್ಲಿ ಟ್ರಸ್ಟಿಗಳು ಕೋರ್ಟಿಗೆ ಹೋಗಿ, ಸ್ಮಾರಕ ಅಂದ್ರೆ ಕಟ್ಟಡವೂ ಆಗಬಹುದು ಅನ್ನುವ ತೀರ್ಪು ತಂದುಕೊಂಡರು. ಆಮೇಲೆ ವರ್ಷಗಟ್ಟಲೆ ದತ್ತಿಯ ಆದಾಯವನ್ನು ಕೂಡಿಟ್ಟರು. 1950ರ ದಶಕದಲ್ಲಿ ಕಟ್ಟಡದ ಸುದ್ದಿ ಹೊರಬಿದ್ದಾಗ ಶಿಲ್ಪಿಗಳು ಪ್ರತಿಭಟಿಸಿದರು. ಆದರೂ 1958ರಲ್ಲಿ ಫರ್ಗುಸನ್ ಹೆಸರಿನ ಕಟ್ಟಡ ಎದ್ದೇ ಎದ್ದಿತು. ಊರಿಗೆ ಶಿಲ್ಪ ಬೇಕು ಅಂದವನ ದುಡ್ಡಲ್ಲಿ ಸಂಸ್ಥೆಗೆ ಆಫೀಸು!

ಟ್ರಸ್ಟಿಗಳು ಸುಳ್ಳು ಹೇಳಿದರು ಅಂತ ನಾನು ಹೇಳಲಾರೆ. ನಮ್ಮ ಕನ್ನಡದಲ್ಲೂ ಗೋಲಗುಮ್ಮಟ ಸ್ಮಾರಕವೇ, ಸ್ಮಾರಕ ಭವನಗಳು ಊರೂರಲ್ಲಿವೆ. ಪದದ ಅರ್ಥ ತಪ್ಪಲ್ಲ, ಆಶಯ ತಪ್ಪಿತು. ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನು ನಾನು ದಿನಾ ನೋಡ್ತೀನಿ. ಗಿರಾಕಿ ಬರೆದುಕೊಟ್ಟ ಒಂದು ಪದವನ್ನು ನಮ್ಮ ಅನುಕೂಲಕ್ಕೆ ಓದಿಕೊಂಡರೆ, ಕಾಗದದ ಮೇಲೆ ಎಲ್ಲ ಸರಿ, ಅವನಿಗೆ ಬೇಕಾದ್ದು ಮಾತ್ರ ಸಿಗೋದಿಲ್ಲ. ಆದರೆ ನಮ್ಮ ಗಿರಾಕಿ ಫೋನ್ ಮಾಡಿ ಬೈಯಬಹುದು. ಫರ್ಗುಸನ್ ಸತ್ತು ಅರ್ಧ ಶತಮಾನ ಆಗಿತ್ತು.

ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗೋದೇ ಇಲ್ಲ. ಆ ದುಡ್ಡು ಕೂಡಿಡುತ್ತಾ ಹೋದ ವರ್ಷಗಳಲ್ಲಿ ಊರಿಗೆ ಬರಬಹುದಾಗಿದ್ದ ಶಿಲ್ಪಗಳು ಯಾವುವು? ಇಲ್ಲದ ಶಿಲ್ಪಕ್ಕೋಸ್ಕರ ಯಾರೂ ಮೆರವಣಿಗೆ ಹೋಗಲ್ಲ. ಸಾರ್ವಜನಿಕರಿಗೆ ಕೊಟ್ಟ ದಾನ ಜಾರಿಹೋಗೋದು ಹೀಗೇ, ಸದ್ದಿಲ್ಲದೆ.

ದತ್ತಿ ಮತ್ತೆ ದಾರಿಗೆ ಬಂತು ಅನ್ನೋದು ಸಮಾಧಾನ. 1942ರ ಡಿಸೆಂಬರ್ 2ರಂದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆದಿತ್ತು. ಸರಿಯಾಗಿ 25 ವರ್ಷಕ್ಕೆ, 1967ರಲ್ಲಿ, ಅದೇ ಜಾಗದಲ್ಲಿ ಹೆನ್ರಿ ಮೂರ್‌ನ ಕಂಚಿನ ಶಿಲ್ಪ ಫರ್ಗುಸನ್ ದುಡ್ಡಿನಿಂದ ನಿಂತಿತು. ಒಂದು ಕಡೆಯಿಂದ ತಲೆಬುರುಡೆ, ಇನ್ನೊಂದು ಕಡೆಯಿಂದ ಅಣಬೆ ಮೋಡ. ಚರಿತ್ರೆಯ ಮುಖ್ಯ ಘಟನೆ ಅಂದ್ರೆ ಇದಕ್ಕಿಂತ ಬೇಕೇ?

ನಮ್ಮ ಹಳೆಯ ದಾನಶಾಸನಗಳಲ್ಲಿ ಗದ್ದೆಯ ನಾಲ್ಕೂ ದಿಕ್ಕಿನ ಎಲ್ಲೆ ಬರೆಸಿ, ಕೊನೆಗೆ ಈ ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರಲಿ ಅಂತ ಕೆತ್ತಿಸುತ್ತಿದ್ದರು. ಮೊದಲು ಓದಿದಾಗ ಅತಿಯಾಯ್ತು ಅನ್ನಿಸಿತ್ತು. ಫರ್ಗುಸನ್ ಕಥೆ ತಿಳಿದ ಮೇಲೆ, ಅವರಿಗೆ ಮುಂದೆ ಬರುವ ಟ್ರಸ್ಟಿಗಳ ಪರಿಚಯ ಚೆನ್ನಾಗೇ ಇತ್ತು ಅನ್ನಿಸುತ್ತೆ.