ಪ್ಯಾಂಥಿಯನ್: ಕೈ ಬದಲಾದ ದೇವಾಲಯ

ಸಕಲ ಸಂತರ ಹಬ್ಬ ಬಂದಾಗ ನಾವು ರೋಮ್ ನಗರದ ಪ್ಯಾಂಥಿಯನ್ ಅನ್ನು ನೆನೆಯಬೇಕು. ಕ್ರಿ.ಶ. 126ರ ಸುಮಾರಿಗೆ ಚಕ್ರವರ್ತಿ ಹೇಡ್ರಿಯನ್ ಕಟ್ಟಿ ಮುಗಿಸಿದ ಈ ಮಂದಿರದ ಹಣೆಯ ಮೇಲೆ ಅವನ ಹೆಸರೇ ಇಲ್ಲ; ಅದೇ ಜಾಗದಲ್ಲಿ ಮೊದಲು ಮಂದಿರ ಕಟ್ಟಿಸಿದ್ದ ಅಗ್ರಿಪನ ಹೆಸರಿದೆ. ಒಡೆತನದ ಗೊಂದಲ ಅಲ್ಲಿಂದಲೇ ಆರಂಭ ಎನ್ನೋಣವೇ!

609ರಲ್ಲಿ ಚಕ್ರವರ್ತಿ ಫೋಕಾಸ್ ಇದನ್ನು ಜಗದ್ಗುರು ನಾಲ್ಕನೇ ಬೋನಿಫಾಸರಿಗೆ ಕೊಟ್ಟನು. ಅವರು ಮೇ 13ರಂದು ಇದನ್ನು ಮಾತೆ ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ರೋಮಿನ ಎಷ್ಟೋ ಹಳೆಯ ಮಂದಿರಗಳ ಕಲ್ಲು ಬೇರೆ ಕಟ್ಟಡಗಳ ಪಾಲಾಯಿತು. ಬಲಿಪೂಜೆ ನಡೆಯುತ್ತಿದ್ದ ಇದು ಉಳಿಯಿತು.

ಹಾಗೆಂದು ನಾವು ಬೀಗುವಂತಿಲ್ಲ. 663ರಲ್ಲಿ ಚಾವಣಿಯ ಕಂಚಿನ ಹೆಂಚುಗಳನ್ನು ಕಿತ್ತೊಯ್ದವನು ಚಕ್ರವರ್ತಿ ಎರಡನೇ ಕಾನ್‌ಸ್ಟನ್ಸ್. ಆದರೆ 1620ರ ದಶಕದಲ್ಲಿ ಮುಖಮಂಟಪದ ಕಂಚಿನ ತೊಲೆಗಳನ್ನು ಕೀಳಿಸಿದವರು ನಮ್ಮವರೇ, ಜಗದ್ಗುರು ಎಂಟನೇ ಅರ್ಬನ್. ಆ ಕಂಚಿನ ಬಹುಪಾಲು ಫಿರಂಗಿಗಳಾಯಿತು.

1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿತು. ಈಗ ಕಟ್ಟಡ ಸರ್ಕಾರದ್ದು, ಪೂಜೆ ಧರ್ಮಸಭೆಯದು. 2023ರ ಜುಲೈಯಲ್ಲಿ ಪ್ರವಾಸಿಗರಿಗೆ 5 ಯೂರೋ ಟಿಕೆಟ್ ಬಂತು. ಆಗಿನ ಒಪ್ಪಂದದಂತೆ ನೂರಕ್ಕೆ 70 ಸರ್ಕಾರಕ್ಕೆ, 30 ರೋಮ್ ಧರ್ಮಕ್ಷೇತ್ರಕ್ಕೆ. ಬಲಿಪೂಜೆಗೆ ಬರುವವರನ್ನು ಮಾತ್ರ ಯಾರೂ ಟಿಕೆಟ್ ಕೇಳುವುದಿಲ್ಲ.