ಸ್ನಾಯು, ಮರ್ದನ, ಘರ್ಷಣ: ಪದಗಳ ಪಲ್ಲಟ ಮತ್ತು ಒಂದು ಚಿಕಿತ್ಸೆಯ ಚರಿತ್ರೆ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ನಾಲ್ಕನೆಯ ಅಧ್ಯಾಯವು ವಾತವ್ಯಾಧಿಗೆ ಮೀಸಲಾದುದು. ವಾತವು ಸ್ನಾಯು, ಸಂಧಿ, ಅಸ್ಥಿಗಳನ್ನು ಹೊಕ್ಕಾಗ ಸ್ನೇಹ, ಉಪನಾಹ, ಅಗ್ನಿಕರ್ಮ, ಬಂಧನಗಳ ಜೊತೆಗೆ ಉನ್ಮರ್ದನವನ್ನೂ ಮಾಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಇಂದಿನ ಕನ್ನಡ ಓದುಗನಿಗೆ ಇದು 'ಮಾಂಸಖಂಡಗಳನ್ನು ತಿಕ್ಕುವ ಚಿಕಿತ್ಸೆ' ಎಂದು ತೋರುವುದು ಸಹಜ. ತೊಡಕು ಇರುವುದೇ ಇಲ್ಲಿ.

ಶಾಲಾ ಪಠ್ಯಗಳಿಂದ ವೈದ್ಯಲೇಖನಗಳವರೆಗೆ ಇಂದಿನ ಕನ್ನಡದಲ್ಲಿ 'ಸ್ನಾಯು' ಎಂದರೆ ಮಾಂಸಖಂಡ. ಸುಶ್ರುತನಲ್ಲಿ ಮಾಂಸಖಂಡಕ್ಕೆ 'ಪೇಶಿ' ಎಂಬ ಬೇರೆ ಪದವೇ ಇದೆ. ಅವನ ಎಣಿಕೆಯಲ್ಲಿ ಪೇಶಿಗಳು 500, ಸ್ನಾಯುಗಳು 900. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿಯು ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳಿಂದಲೇ ದೇಹವು ಭಾರ ಹೊರುತ್ತದೆ ಎಂಬುದು ಶಾರೀರಸ್ಥಾನದ ಹೋಲಿಕೆ. ಅವನ ಸ್ನಾಯು ಮುಖ್ಯವಾಗಿ ಕಟ್ಟುವ ನಾರು. ಇಂದಿನ ಅಸ್ಥಿರಜ್ಜು, ಸ್ನಾಯುರಜ್ಜುಗಳಿಗೆ ಹತ್ತಿರವಾದುದು. ಎಲುಬು, ಪೇಶಿಗಳ ಪೆಟ್ಟಿಗಿಂತ ಸ್ನಾಯುವಿನ ಪೆಟ್ಟನ್ನು ಅವನು ಹೆಚ್ಚು ಘೋರವೆಂದು ಎಣಿಸಿದ್ದು ಈ ಅರ್ಥದಲ್ಲಿ ಮಾತ್ರ ಸರಿಯಾಗಿ ತಿಳಿಯುತ್ತದೆ.

ಯುರೋಪಿನಲ್ಲಿ ಘರ್ಷಣಚಿಕಿತ್ಸೆಯು ವೈದ್ಯಶಾಸ್ತ್ರದ ಮನ್ನಣೆಗೆ ಹತ್ತಿರವಾದುದು ಆಮ್‌ಸ್ಟರ್‌ಡ್ಯಾಮಿನ ಯೋಹಾನ್ ಮೆಟ್ಸ್‌ಗರ್ ಅವರಿಂದ. ಪಾದದ ಉಳುಕನ್ನು ಘರ್ಷಣದಿಂದ ಗುಣಪಡಿಸುವುದೇ 1868ರ ಅವರ ಮಹಾಪ್ರಬಂಧದ ವಿಷಯ. ನೀವುವುದು, ಹಿಸುಕುವುದು, ತಿಕ್ಕುವುದು, ತಟ್ಟುವುದು ಎಂಬ ವಿಭಾಗಗಳು ಫ್ರೆಂಚ್ ಹೆಸರುಗಳಲ್ಲಿ ಹರಡಿದುದು ಅವರ ಮತ್ತು ಅವರ ಶಿಷ್ಯರ ಮೂಲಕ. ಜನರು ಅದನ್ನು ಸ್ವೀಡನ್ನಿನ ಲಿಂಗ್ ಅವರ ಹೆಸರಿಗೆ ಬರೆದುದು ಚರಿತ್ರೆಯ ಒಂದು ವಿನೋದ!

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ (1904–1985) ಈ ತಿಕ್ಕುವಿಕೆಗೆ ಕಟ್ಟುನಿಟ್ಟಿನ ರೂಪ ಕೊಟ್ಟರು. ಸ್ವೀಡಿಶ್ ಅಂಗಸಾಧನೆಯ ಚಿಕಿತ್ಸೆ ಅವರ ಮನೆತನದ ವಿದ್ಯೆ. ಹೆನ್ರಿಕ್ ಷೆಲ್‌ಗ್ರೆನ್ ಅವರ ತಾಯಿಯ ತಂದೆ. ಆದರೂ ಸಿರಿಯಾಕ್ಸ್ ಮೈಯೆಲ್ಲ ತಿಕ್ಕುವುದನ್ನು ಒಪ್ಪಲಿಲ್ಲ. ಮೊದಲು ಪೆಟ್ಟಾದ ನಾರನ್ನು ಪರೀಕ್ಷೆಯಿಂದ ಗುರುತಿಸಬೇಕು. ಬೆರಳು ಅದೇ ಜಾಗದಲ್ಲಿರಬೇಕು. ಚರ್ಮವೂ ಬೆರಳೂ ಒಂದಾಗಿ ಚಲಿಸಬೇಕು. ಚಲನೆಯು ನಾರಿಗೆ ಅಡ್ಡಲಾಗಿರಬೇಕು. ಪೊರೆಯುಳ್ಳ ಸ್ನಾಯುರಜ್ಜುವನ್ನು ಎಳೆದು ಬಿಗಿಯಾಗಿಡಬೇಕು, ಮಾಂಸಖಂಡವನ್ನು ಸಡಿಲಬಿಡಬೇಕು. ಎಣ್ಣೆ ಕೂಡದು, ಏಕೆಂದರೆ ಬೆರಳು ಜಾರಿದರೆ ಒತ್ತಡವು ಚರ್ಮದಲ್ಲೇ ಉಳಿಯುತ್ತದೆ. ಗಾಯ ಮಾಯುವಾಗ ನಾರುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವುದು ಇದರ ಉದ್ದೇಶವೆಂದು ಅವರು ವಿವರಿಸಿದರು.

ಹೀಗಾಗಿ ಸಿರಿಯಾಕ್ಸ್ ಅವರ ವಿಧಾನ ಸುಶ್ರುತನಲ್ಲಿಯೇ ಇತ್ತು ಎಂಬ ಮಾತು ನಿಲ್ಲುವುದಿಲ್ಲ. ಇಬ್ಬರ ಗಮನವೂ ಕಟ್ಟುವ ನಾರಿನ ಮೇಲಿದೆ ಎಂಬಷ್ಟು ಸಾಮ್ಯ ನಿಜ. ಆದರೆ ಸುಶ್ರುತನ ಉನ್ಮರ್ದನ ಸ್ನೇಹದ ಸಂಗಡ ಬರುತ್ತದೆ. ಆ ವಿಧಿಯಲ್ಲಿ ಅಡ್ಡ ಚಲನೆಯ ಸೂಚನೆಯಿಲ್ಲ. 'ಉದ್ಘರ್ಷಣ' ಎಂಬ ಪದ ಕಂಡೊಡನೆ ಹಿಗ್ಗಬೇಕಾದುದೂ ಇಲ್ಲ. ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ಅದು ಅಭ್ಯಂಗ, ವ್ಯಾಯಾಮಗಳ ಸಾಲಿನಲ್ಲಿ, ಸ್ವಸ್ಥನ ಮೈಯ ಆರೈಕೆಯಾಗಿ ಬರುತ್ತದೆ. ಒಣ ಚೂರ್ಣದಿಂದ ತಿಕ್ಕುವುದು ಎಂದು ವ್ಯಾಖ್ಯಾನಕಾರ ಡಲ್ಹಣನು ಅದನ್ನು ಬಿಡಿಸಿದ್ದಾನೆ.

ಸಿರಿಯಾಕ್ಸ್ ಅವರ ವಿಧಾನವೂ ಪ್ರಶ್ನಾತೀತವಲ್ಲ. ಮೊಣಕೈ, ಮೊಣಕಾಲುಗಳ ಹೊರಬದಿಯ ಸ್ನಾಯುರಜ್ಜುವಿನ ಉರಿಯೂತದಲ್ಲಿ ಅದರ ಫಲವನ್ನು ನಿರ್ಣಯಿಸಲು ಸಾಕಷ್ಟು ಆಧಾರವಿಲ್ಲವೆಂದು 2014ರ ಕಾಕ್ರೇನ್ ವಿಮರ್ಶೆ ತಿಳಿಸಿದೆ.